ಪ್ರಾಥಮಿಕ ಶಾಲಾ ಮಕ್ಕಳಿಗೆ ವಿನ್ಯಾಸ ಮತ್ತು ತಂತ್ರಜ್ಞಾನದ ಕಲಿಕೆ: ಪೋಷಕರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಪ್ರಾಥಮಿಕ ಶಿಕ್ಷಣದಲ್ಲಿ ಭಾಷೆ, ಗಣಿತ ಮತ್ತು ಪರಿಸರ ಅಧ್ಯಯನದ ಜೊತೆಗೆ ಮಕ್ಕಳು ತಾವೇ ಯೋಚಿಸಿ ತಮ್ಮ ಕೈಯಿಂದ ವಸ್ತುಗಳನ್ನು ತಯಾರಿಸುವ ಚಟುವಟಿಕೆಗಳಿಗೂ ಸ್ಥಾನವಿದೆ. ಇವು ಕಾರ್ಯಾನುಭವ, ಕಾರ್ಯಶಿಕ್ಷಣ, ಕರಕುಶಲ ಕಲೆ ಮುಂತಾದ ಹೆಸರುಗಳಿಂದ ಪೋಷಕರಿಗೆ ಪರಿಚಿತವಾಗಿವೆ. ಆದರೆ ವೇಳಾಪಟ್ಟಿಯಲ್ಲಿ ಮೊದಲು ಕೈಬಿಟ್ಟುಹೋಗುವ ಅವಧಿಯೂ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಪರೀಕ್ಷೆ ಸಮೀಪಿಸಿದಾಗ ಈ ಅವಧಿಯನ್ನು ಇತರ ವಿಷಯಗಳಿಗೆ ಬಳಸಿಕೊಳ್ಳುವುದು, ವಸ್ತುಪ್ರದರ್ಶನ ಬಂದಾಗ ಅಂಗಡಿಯಿಂದ ಸಿದ್ಧ ಮಾದರಿಯನ್ನು ಕೊಂಡು ತರುವುದು ಅನೇಕ ಕಡೆ ರೂಢಿಯಲ್ಲಿದೆ.

ಈ ಚಟುವಟಿಕೆಗಳಿಂದ ಮಗುವು ನಿಜವಾಗಿ ಏನನ್ನು ಕಲಿಯುತ್ತದೆ, ಯಾವುದನ್ನು ಕಲಿಯುವುದು ಇದರ ಉದ್ದೇಶವಲ್ಲ, ಹಾಗೂ ಈ ವಿಷಯದಲ್ಲಿ ಪೋಷಕರು ಶಾಲೆಯಿಂದ ಏನನ್ನು ಅಪೇಕ್ಷಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ವಿನ್ಯಾಸ ಮತ್ತು ತಂತ್ರಜ್ಞಾನ ಎಂದರೇನು?

ತಂತ್ರಜ್ಞಾನ ಎಂದೊಡನೆ ಗಣಕಯಂತ್ರ, ಮೊಬೈಲ್ ದೂರವಾಣಿ ಮುಂತಾದವುಗಳು ನೆನಪಿಗೆ ಬರುವುದು ಸಹಜ. ಆದರೆ ಶಿಕ್ಷಣದ ದೃಷ್ಟಿಯಲ್ಲಿ ಈ ಪದದ ಅರ್ಥವು ಇನ್ನೂ ವಿಶಾಲವಾದುದು. ಮನುಷ್ಯನು ತನ್ನ ಅವಶ್ಯಕತೆಗಾಗಿ ರೂಪಿಸಿಕೊಂಡ ಎಲ್ಲ ಸಾಧನಗಳೂ ತಂತ್ರಜ್ಞಾನವೇ ಆಗಿವೆ. ಬಾವಿಯ ರಾಟೆ, ಎತ್ತಿನ ಗಾಡಿಯ ಗಾಲಿ, ರೊಟ್ಟಿ ಬಡಿಯುವ ಹಲಗೆ, ಮೊರ, ಕೊಡೆ, ಬಾಗಿಲ ಚಿಲಕ ಇವೆಲ್ಲವನ್ನೂ ಯಾರೋ ಒಬ್ಬರು ಯೋಚಿಸಿ, ಮಾಡಿ, ತಪ್ಪಿ, ತಿದ್ದಿ ಈ ಸ್ಥಿತಿಗೆ ತಂದಿರುತ್ತಾರೆ. ಹಾಗೆ ಯೋಚಿಸಿ ರೂಪ ಕೊಡುವ ಕ್ರಮಕ್ಕೆ ವಿನ್ಯಾಸ ಎಂದು ಹೆಸರು.

ಆದ್ದರಿಂದ ಈ ಕಲಿಕೆಯಲ್ಲಿ ಮಗುವು ಒಂದು ವಸ್ತುವನ್ನು ತಯಾರಿಸುವುದಷ್ಟೇ ಮುಖ್ಯವಲ್ಲ. ಈ ಕೆಳಕಂಡ ಐದು ಹಂತಗಳನ್ನು ತಾನೇ ಹಾದುಹೋಗುವುದು ಮುಖ್ಯವಾಗಿರುತ್ತದೆ.

(ಅ) ಅವಶ್ಯಕತೆಯನ್ನು ಗುರುತಿಸುವುದು: ವಸ್ತುವು ಯಾರಿಗಾಗಿ ಮತ್ತು ಯಾವ ಕೆಲಸಕ್ಕಾಗಿ ಬೇಕಾಗಿದೆ?
(ಆ) ಯೋಚಿಸಿ ಚಿತ್ರ ಬರೆಯುವುದು: ಅದು ಹೇಗಿರಬೇಕು, ಯಾವ ಸಾಮಗ್ರಿ ಬೇಕು, ಅಳತೆ ಎಷ್ಟು?
(ಇ) ತಯಾರಿಸುವುದು.
(ಈ) ಪರೀಕ್ಷಿಸುವುದು: ಉದ್ದೇಶಿಸಿದ ಕೆಲಸವನ್ನು ಅದು ಮಾಡುತ್ತದೆಯೇ?
(ಉ) ತಿದ್ದಿ ಪುನಃ ಮಾಡುವುದು.

ಮಾದರಿಯನ್ನು ತೋರಿಸಿ ಅದರಂತೆಯೇ ಮಾಡಿಸಿದಾಗ ಮಗುವಿಗೆ ಕೈಚಳಕ ಬರಬಹುದು. ಆದರೆ ಮೊದಲ ಎರಡು ಹಾಗೂ ಕೊನೆಯ ಎರಡು ಹಂತಗಳು ಬಿಟ್ಟುಹೋಗುವುದರಿಂದ ಯೋಚನೆಯ ಭಾಗವು ಶಿಕ್ಷಕರಲ್ಲಿಯೇ ಉಳಿಯುತ್ತದೆ.

3. ಹಿನ್ನೆಲೆ

ಕೈಕೆಲಸವನ್ನು ಶಿಕ್ಷಣದೊಳಗೆ ತರುವ ಪ್ರಯತ್ನವು ನಮ್ಮ ದೇಶಕ್ಕೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಮಹಾತ್ಮ ಗಾಂಧೀಜಿಯವರು ನೂಲುವಿಕೆ, ನೇಯ್ಗೆ ಮುಂತಾದ ಕಸುಬನ್ನು ಕೇಂದ್ರವಾಗಿಟ್ಟುಕೊಂಡು ಎಲ್ಲ ವಿಷಯಗಳನ್ನು ಕಲಿಸುವ ಮೂಲಶಿಕ್ಷಣದ ಕಲ್ಪನೆಯನ್ನು ಮುಂದಿಟ್ಟರು. ಡಾ. ಜಾಕೀರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ರೂಪಿಸಿತು. ಮಕ್ಕಳು ತಯಾರಿಸಿದ ವಸ್ತುಗಳ ಮಾರಾಟದಿಂದ ಶಾಲೆಯ ವೆಚ್ಚ ನಡೆಯಬೇಕೆಂಬ ಅಂಶವು ಮಕ್ಕಳನ್ನು ದುಡಿಮೆಗೆ ಹಚ್ಚಿದಂತಾಗುವುದೆಂಬ ಟೀಕೆಗೆ ಅಂದೇ ಒಳಗಾಯಿತು.

1953ರಲ್ಲಿ ಅಂದಿನ ಮದ್ರಾಸ್ ರಾಜ್ಯದಲ್ಲಿ ಮುಖ್ಯಮಂತ್ರಿ ಶ್ರೀ ಸಿ. ರಾಜಗೋಪಾಲಾಚಾರಿಯವರ ಸರ್ಕಾರವು ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆಯೊಂದನ್ನು ಜಾರಿಗೆ ತಂದಿತು. ಅದರಂತೆ ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿದ್ದು, ಉಳಿದ ಸಮಯದಲ್ಲಿ ಮನೆಯ ಹಿರಿಯರ ಕಸುಬನ್ನು ಕಲಿಯಬೇಕಾಗಿತ್ತು. ಇಂದು ಕರ್ನಾಟಕದಲ್ಲಿರುವ ದಕ್ಷಿಣ ಕನ್ನಡ ಜಿಲ್ಲೆ ಹಾಗೂ ಕೊಳ್ಳೇಗಾಲ ತಾಲ್ಲೂಕು ಆಗ ಮದ್ರಾಸ್ ರಾಜ್ಯದಲ್ಲಿಯೇ ಇದ್ದವು. ಕುಂಬಾರರ ಮಗು ಕುಂಬಾರಿಕೆಯನ್ನೇ, ಅಗಸರ ಮಗು ಬಟ್ಟೆ ಒಗೆಯುವುದನ್ನೇ ಕಲಿಯಬೇಕಾಗುವುದರಿಂದ ಇದು ಜಾತಿಯ ಕಟ್ಟನ್ನು ಶಾಲೆಯ ಮೂಲಕವೇ ಬಿಗಿಗೊಳಿಸುತ್ತದೆ ಎಂಬ ತೀವ್ರ ವಿರೋಧ ವ್ಯಕ್ತವಾಯಿತು. 1954ರಲ್ಲಿ ಶ್ರೀ ಕೆ. ಕಾಮರಾಜರು ಮುಖ್ಯಮಂತ್ರಿಗಳಾದ ನಂತರ ಯೋಜನೆಯನ್ನು ಹಿಂಪಡೆಯಲಾಯಿತು.

ಈ ಘಟನೆಯನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ತಲೆಮಾರುಗಳಿಂದ ಕೈಕೆಲಸವನ್ನೇ ಮಾಡಿಕೊಂಡು ಬಂದ ಕುಟುಂಬಗಳ ಪೋಷಕರು, ತಮ್ಮ ಮಕ್ಕಳಿಗೆ ಶಾಲೆಯಲ್ಲಿಯೂ ಕೈಕೆಲಸ ಏಕೆ ಎಂದು ಕೇಳಿದರೆ ಅದು ಸಕಾರಣವಾದ ಪ್ರಶ್ನೆಯೇ ಆಗಿದೆ. ಕಸುಬನ್ನು ಕಲಿಸುವುದಕ್ಕೂ ವಿನ್ಯಾಸವನ್ನು ಕಲಿಸುವುದಕ್ಕೂ ಇರುವ ವ್ಯತ್ಯಾಸವೇ ಇದಕ್ಕೆ ಉತ್ತರ. ಕಸುಬಿನ ತರಬೇತಿಯಲ್ಲಿ ಏನನ್ನು ಮಾಡಬೇಕೆಂಬುದು ಮೊದಲೇ ನಿರ್ಧಾರವಾಗಿರುತ್ತದೆ. ವಿನ್ಯಾಸದ ಕಲಿಕೆಯಲ್ಲಿ ಅದನ್ನು ನಿರ್ಧರಿಸುವುದನ್ನೇ ಮಗುವು ಕಲಿಯುತ್ತದೆ. ತರಗತಿಯ ಎಲ್ಲ ಮಕ್ಕಳೂ, ಯಾವುದೇ ಮನೆಯಿಂದ ಬಂದಿದ್ದರೂ, ಒಂದೇ ಸಮಸ್ಯೆಯ ಮುಂದೆ ಸಮಾನವಾಗಿ ಕುಳಿತುಕೊಳ್ಳುತ್ತಾರೆ.

ಅನಂತರದ ವರ್ಷಗಳಲ್ಲಿ ಕೊಠಾರಿ ಆಯೋಗವು (1964-66) ಕಾರ್ಯಾನುಭವವನ್ನು ಶಿಕ್ಷಣದ ಅಂಗವನ್ನಾಗಿಸಲು ಶಿಫಾರಸು ಮಾಡಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರನ್ನು ಬಳಕೆಗೆ ತಂದಿತು. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಲಾಯಿತು.

ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯಿದೆಯ ನಂತರ, 1990ರಿಂದ ಈ ವಿಷಯವನ್ನು 5 ವರ್ಷದ ಮಕ್ಕಳಿಂದಲೇ ಕಡ್ಡಾಯವಾಗಿ ಆರಂಭಿಸಲಾಯಿತು. ಅಲ್ಲಿ 2014ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಚಿಕ್ಕ ಮಕ್ಕಳಿಗೆ ಸನ್ನೆ, ಗಾಲಿ ಮತ್ತು ಅಚ್ಚುಗಳನ್ನೂ, ದೊಡ್ಡ ಮಕ್ಕಳಿಗೆ ರಾಟೆ, ಹಲ್ಲುಚಕ್ರ, ವಿದ್ಯುನ್ಮಂಡಲಗಳನ್ನೂ, ಜೊತೆಗೆ ಅಡುಗೆ ಮತ್ತು ಪೌಷ್ಟಿಕತೆಯನ್ನೂ ಸೇರಿಸಲಾಯಿತು. ನಮ್ಮ ದೇಶದಲ್ಲಿ ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು 6ನೇ ತರಗತಿಯ ಹಂತದ ಮಕ್ಕಳಿಗಾಗಿ ಚೀಲ, ಗಾಳಿಯಂತ್ರದ ಮಾದರಿ ಹಾಗೂ ಗೊಂಬೆಯಾಟದ ಕಲಿಕಾ ಘಟಕಗಳನ್ನು ರೂಪಿಸಿ, ನಗರ ಮತ್ತು ಗ್ರಾಮೀಣ ಮಕ್ಕಳೊಂದಿಗೆ ಪ್ರಯೋಗಿಸಿದೆ.

4. ತರಗತಿಯಲ್ಲಿ ನಡೆಯುವ ಕ್ರಮ: ಒಂದು ಉದಾಹರಣೆ

4ನೇ ತರಗತಿಯ ಮಕ್ಕಳಿಗೆ ಈ ಕೆಳಕಂಡ ಕೆಲಸವನ್ನು ನೀಡಲಾಗಿದೆ ಎಂದು ಭಾವಿಸಬಹುದು: "ಐದು ಕಲ್ಲುಹರಳುಗಳನ್ನು ಹೊತ್ತು, ಇಳಿಜಾರಿನಿಂದ ಇಳಿದು, ನೇರವಾಗಿ ಸಾಗುವ ಗಾಡಿಯೊಂದನ್ನು ತಯಾರಿಸಿರಿ." ಸಾಮಗ್ರಿಗಳು: ಖಾಲಿ ಬೆಂಕಿಪೊಟ್ಟಣ ಅಥವಾ ರಟ್ಟು, ಒಂದೇ ಅಳತೆಯ ನಾಲ್ಕು ಬಾಟಲಿ ಮುಚ್ಚಳಗಳು, ಪೊರಕೆ ಕಡ್ಡಿ, ಕಾಗದದ ಕೊಳವೆ ಮತ್ತು ಗೋಂದು.

ಶಿಕ್ಷಕರು ಮೊದಲು ಗಾಡಿಯನ್ನು ಮಾಡಿ ತೋರಿಸುವುದಿಲ್ಲ. ಮಕ್ಕಳು ಊರಿನಲ್ಲಿರುವ ಎತ್ತಿನ ಗಾಡಿ, ಸೈಕಲ್, ತಳ್ಳುಗಾಡಿಗಳನ್ನು ಗಮನಿಸಿ ಬರುತ್ತಾರೆ. ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದೇ ಅಥವಾ ಗಾಲಿ ಮಾತ್ರ ತಿರುಗುವುದೇ ಎಂಬ ಪ್ರಶ್ನೆಗೆ ನೋಡಿಯೇ ಉತ್ತರ ಹೇಳಬೇಕಾಗುತ್ತದೆ. ನಂತರ ತಮ್ಮ ಗಾಡಿಯ ಚಿತ್ರವನ್ನು ಬರೆದು, ಅಳತೆಗಳನ್ನು ನಮೂದಿಸಿ ಕೆಲಸ ಆರಂಭಿಸುತ್ತಾರೆ.

ಮೊದಲ ಗಾಡಿಯು ಬಹುಪಾಲು ಸಂದರ್ಭಗಳಲ್ಲಿ ಸರಿಯಾಗಿ ಓಡುವುದಿಲ್ಲ. ನಿಜವಾದ ಪಾಠವು ಇಲ್ಲಿಂದ ಆರಂಭವಾಗುತ್ತದೆ.

- ಗಾಡಿಯು ಕುಂಟುತ್ತಾ ಸಾಗಿದರೆ ಮುಚ್ಚಳದ ರಂಧ್ರವು ಮಧ್ಯದಲ್ಲಿಲ್ಲವೆಂದು ಅರ್ಥ. ಮುಚ್ಚಳದ ಅಳತೆಯ ಕಾಗದದ ವೃತ್ತವನ್ನು ಎರಡು ಬಾರಿ ಅರ್ಧಕ್ಕೆ ಮಡಿಸಿದಾಗ ಮಡಿಕೆಗಳು ಸಂಧಿಸುವ ಬಿಂದುವೇ ಮಧ್ಯಬಿಂದು. ವೃತ್ತಕೇಂದ್ರವೆಂಬ ಗಣಿತದ ಪಾಠವು ಮಗುವಿಗೆ ಇಲ್ಲಿ ಅವಶ್ಯಕತೆಯಾಗಿ ಎದುರಾಗುತ್ತದೆ.
- ಗಾಡಿಯು ಒಂದೇ ಕಡೆಗೆ ತಿರುಗುತ್ತಿದ್ದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳು ಸಮಾಂತರವಾಗಿಲ್ಲದಿರಬಹುದು.
- ಗಾಡಿಯು ಚಲಿಸದೆ ನಿಂತರೆ ಕಡ್ಡಿಯು ಕೊಳವೆಯಲ್ಲಿ ಬಿಗಿಯಾಗಿರಬಹುದು ಅಥವಾ ಗಾಲಿಯು ರಟ್ಟಿಗೆ ಉಜ್ಜುತ್ತಿರಬಹುದು. ಘರ್ಷಣೆ ಎಂಬ ಪದವನ್ನು ಆಗ ತಿಳಿಸಿದರೆ ಅದು ಮಗುವಿನ ನೆನಪಿನಲ್ಲಿ ಉಳಿಯುತ್ತದೆ.
- ಹರಳುಗಳ ಭಾರಕ್ಕೆ ರಟ್ಟು ಬಾಗಿದರೆ ಅದರ ಅಂಚುಗಳನ್ನು ಮೇಲಕ್ಕೆ ಮಡಿಸಿ ಬಲಪಡಿಸಬೇಕಾಗುತ್ತದೆ.

ಪ್ರತಿ ಗಾಡಿಯನ್ನೂ ಒಂದೇ ಇಳಿಜಾರಿನಿಂದ ಮೂರು ಬಾರಿ ಬಿಟ್ಟು, ಸಾಗಿದ ದೂರವನ್ನು ಅಳೆದು ಬರೆದುಕೊಳ್ಳಲಾಗುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆಯನ್ನು ಮಾಡಿ ಪುನಃ ಪರೀಕ್ಷಿಸಬೇಕೆಂಬ ಶಿಸ್ತನ್ನೂ ಮಕ್ಕಳು ರೂಢಿಸಿಕೊಳ್ಳುತ್ತಾರೆ. ತನ್ನ ಗಾಡಿ ಏಕೆ ಓಡಲಿಲ್ಲವೆಂದು ಹೇಳಬಲ್ಲ ಮಗುವು, ಓಡುವ ಗಾಡಿಯನ್ನು ಬೇರೆಯವರಿಂದ ಮಾಡಿಸಿಕೊಂಡು ತಂದ ಮಗುವಿಗಿಂತ ಹೆಚ್ಚಿನದನ್ನು ಕಲಿತಿರುತ್ತದೆ.

5. ತರಗತಿವಾರು ಚಟುವಟಿಕೆಗಳು

ಈ ಕೆಳಕಂಡ ವಿವರಗಳು ಮಾದರಿ ರೂಪದಲ್ಲಿವೆ. ಸ್ಥಳೀಯವಾಗಿ ದೊರೆಯುವ ಸಾಮಗ್ರಿ ಮತ್ತು ಮಕ್ಕಳ ವಯಸ್ಸಿಗೆ ಅನುಗುಣವಾಗಿ ಇವುಗಳನ್ನು ಬದಲಾಯಿಸಿಕೊಳ್ಳಬಹುದು.

1 ಮತ್ತು 2ನೇ ತರಗತಿ: ಕಾಗದವನ್ನು ಹರಿಯುವುದು, ಮಡಿಸುವುದು, ಅಂಟಿಸುವುದು, ಜೇಡಿಮಣ್ಣಿನಿಂದ ಪಾತ್ರೆಗಳನ್ನು ಮಾಡುವುದು, ಎಲೆ, ಬೀಜ, ಕಡ್ಡಿಗಳನ್ನು ಗುಣಕ್ಕನುಗುಣವಾಗಿ ವಿಂಗಡಿಸುವುದು. ಯಾವುದು ಬಾಗುತ್ತದೆ, ಯಾವುದು ಮುರಿಯುತ್ತದೆ, ಯಾವುದು ನೀರನ್ನು ಹೀರುತ್ತದೆ ಎಂಬ ಅರಿವು ಈ ಹಂತದಲ್ಲಿ ಮೂಡಬೇಕು.

3ರಿಂದ 5ನೇ ತರಗತಿ: ಅಳತೆ ಹಿಡಿದು ಕತ್ತರಿಸುವುದು, ಗಿರಗಿಟ್ಟಲೆ, ಗಾಡಿ, ತಕ್ಕಡಿಗಳನ್ನು ತಯಾರಿಸುವುದು, ಹಾಳೆಯೊಂದನ್ನು ಬೀಸಣಿಗೆಯಂತೆ ಮಡಿಸಿ ಸೇತುವೆಯಾಗಿಸುವುದು. ಎರಡು ಪುಸ್ತಕಗಳ ನಡುವೆ ಹಾಗೆಯೇ ಇಟ್ಟ ಹಾಳೆಯು ತನ್ನ ಭಾರಕ್ಕೇ ಕುಸಿಯುತ್ತದೆ. ಅದೇ ಹಾಳೆಯನ್ನು ನೆರಿಗೆಗಳಾಗಿ ಮಡಿಸಿ ಇಟ್ಟರೆ ಬರೆಯುವ ಪುಸ್ತಕವೊಂದನ್ನು ಹೊರುತ್ತದೆ. ಕಡ್ಡಿಗಳಿಂದ ಕಟ್ಟಿದ ಚೌಕವು ವಾಲುತ್ತದೆ, ತ್ರಿಕೋನವು ವಾಲುವುದಿಲ್ಲ. ಮನೆಯ ಮಾಡಿನ ಕೆಳಗಿನ ಮರದ ಚೌಕಟ್ಟಿನಲ್ಲಿ ತ್ರಿಕೋನಗಳು ಏಕಿವೆ ಎಂಬುದು ಆಗ ಅರ್ಥವಾಗುತ್ತದೆ.

6 ಮತ್ತು 7ನೇ ತರಗತಿ: ಬಟ್ಟೆ ಹೊಲಿದು ಚೀಲ ತಯಾರಿಸುವುದು, ಒಣಸೆಲ್, ತಂತಿ ಮತ್ತು ಸಣ್ಣ ಬಲ್ಬಿನಿಂದ ಕೈದೀಪ ಮಾಡುವುದು, ಬೆಂಕಿಯಿಲ್ಲದೆ ಕೋಸಂಬರಿಯಂತಹ ತಿನಿಸುಗಳನ್ನು ತಯಾರಿಸಿ ಪೌಷ್ಟಿಕಾಂಶಗಳನ್ನು ಚರ್ಚಿಸುವುದು.

ಸ್ಥಳೀಯ ಕುಶಲಕರ್ಮಿಗಳನ್ನು ಶಾಲೆಗೆ ಆಹ್ವಾನಿಸುವುದು ಹೆಚ್ಚು ಉಪಯುಕ್ತ. ಚನ್ನಪಟ್ಟಣದ ಆಟಿಕೆಯನ್ನು ಕೈಯಲ್ಲಿ ಹಿಡಿದ ಮಗುವಿಗೆ, ಅದರ ಅಂಚುಗಳೆಲ್ಲ ಏಕೆ ದುಂಡಾಗಿವೆ, ಹಗುರವಾದ ಹಾಲೆ ಮರವನ್ನೇ ಏಕೆ ಬಳಸುತ್ತಾರೆ, ಅರಗಿನ ಬಣ್ಣವನ್ನು ಹೇಗೆ ಹಚ್ಚುತ್ತಾರೆ ಎಂಬ ಪ್ರಶ್ನೆಗಳು ಸಹಜವಾಗಿ ಹುಟ್ಟುತ್ತವೆ. ಉತ್ತರ ಹೇಳಬಲ್ಲ ಕುಶಲಕರ್ಮಿಯು ಅಂದು ತರಗತಿಗೆ ಶಿಕ್ಷಕರೇ ಆಗಿರುತ್ತಾರೆ. ಅವರ ಮಗುವೂ ಅದೇ ತರಗತಿಯಲ್ಲಿದ್ದರೆ, ತಂದೆತಾಯಿಯ ಜ್ಞಾನಕ್ಕೆ ದೊರೆತ ಆ ಗೌರವವನ್ನು ಅದು ಮರೆಯಲಾರದು.

6. ಸಾಮಗ್ರಿ ಮತ್ತು ಸುರಕ್ಷತೆ

ಈ ಕಲಿಕೆಗೆ ದುಬಾರಿ ಸಾಧನಗಳ ಅವಶ್ಯಕತೆಯಿಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯು 6ನೇ ತರಗತಿಯಿಂದ ಮೇಲ್ಪಟ್ಟ ಮಕ್ಕಳಿಗಾಗಿ ರೂಪಿತವಾದುದು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ದಿನಪತ್ರಿಕೆ, ರಟ್ಟು, ಅಡಿಕೆ ಹಾಳೆ, ತೆಂಗಿನ ಗರಿ, ಬಟ್ಟೆಯ ತುಂಡು, ದಾರ ಹಾಗೂ ಖಾಲಿ ಡಬ್ಬಿಗಳು ಸಾಕಾಗುತ್ತವೆ. ಸುರಕ್ಷತೆಯ ದೃಷ್ಟಿಯಿಂದ ಈ ಅಂಶಗಳನ್ನು ಗಮನಿಸತಕ್ಕದ್ದು.

- ಚಿಕ್ಕ ಮಕ್ಕಳಿಗೆ ಮೊಂಡು ತುದಿಯ ಕತ್ತರಿಯನ್ನು ಮಾತ್ರ ನೀಡಬೇಕು. ದಬ್ಬಳ, ಚಾಕು ಮತ್ತು ಬ್ಲೇಡುಗಳನ್ನು ಹಿರಿಯರೇ ಬಳಸಬೇಕು.
- ಎಡಗೈ ಬಳಸುವ ಮಕ್ಕಳನ್ನು ಬಲಗೈ ಬಳಸುವಂತೆ ಒತ್ತಾಯಿಸಬಾರದು. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಕತ್ತರಿಸಬೇಕಾದ ಗೆರೆಯು ಅಲಗಿನ ಹಿಂದೆ ಮರೆಯಾಗುತ್ತದೆ. ಇದು ಮಗುವಿನ ಅಸಾಮರ್ಥ್ಯವಲ್ಲ. ಎಡಗೈಯವರಿಗಾಗಿಯೇ ತಯಾರಾದ ಕತ್ತರಿಗಳು ದೊರೆಯುತ್ತವೆ.
- ವಿದ್ಯುತ್ ಚಟುವಟಿಕೆಗಳಿಗೆ 1.5 ವೋಲ್ಟಿನ ಒಣಸೆಲ್‌ಗಳನ್ನು ಮಾತ್ರ ಬಳಸಬೇಕು. ಗೋಡೆಯ ಸ್ವಿಚ್ಚಿನ ವಿದ್ಯುತ್ತನ್ನು ಯಾವ ಕಾರಣಕ್ಕೂ ಬಳಸಬಾರದು.
- ಗುಂಡಿಯಾಕಾರದ ಸಣ್ಣ ಸೆಲ್‌ಗಳನ್ನು ಮಕ್ಕಳು ನುಂಗಿದರೆ ಪ್ರಾಣಾಪಾಯವಾಗಬಹುದು. ಇವುಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಬೇಕು.
- ಹೊಲಿಗೆ ಹುಡುಗಿಯರಿಗೆ, ಸುತ್ತಿಗೆ ಹುಡುಗರಿಗೆ ಎಂಬ ವಿಭಜನೆಯನ್ನು ಮಾಡಬಾರದು.

7. ಮೌಲ್ಯಮಾಪನ ಮತ್ತು ಸಿದ್ಧ ಮಾದರಿಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯಿದೆ 2009, ದಿನಾಂಕ 1-4-2010ರಿಂದ ಜಾರಿಗೆ ಬಂದಿದೆ. ಚಟುವಟಿಕೆ, ಅನ್ವೇಷಣೆ ಮತ್ತು ಶೋಧನೆಯ ಮೂಲಕ ಕಲಿಕೆ ನಡೆಯಬೇಕೆಂದೂ, ಮಗುವಿನ ತಿಳಿವಳಿಕೆ ಹಾಗೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನು ನಿರಂತರವಾಗಿ ಮೌಲ್ಯಮಾಪನ ಮಾಡಬೇಕೆಂದೂ ಅದರ ಕಲಂ 29ರಲ್ಲಿ ತಿಳಿಸಲಾಗಿದೆ. ಇದರಂತೆ ಮಗುವಿನ ಮೊದಲ ಚಿತ್ರ, ವಿಫಲವಾದ ಮಾದರಿ, ತಿದ್ದಿದ ಮಾದರಿ ಮತ್ತು ಅದು ಬರೆದ ಟಿಪ್ಪಣಿ ಇವೆಲ್ಲವೂ ಕೃತಿಸಂಪುಟದಲ್ಲಿರುವುದು ಸೂಕ್ತ.

ವಸ್ತುಪ್ರದರ್ಶನಗಳ ಸಮಯದಲ್ಲಿ ಥರ್ಮೋಕೋಲ್‌ನಿಂದ ಸಿದ್ಧಪಡಿಸಿದ ಮಾದರಿಗಳನ್ನು ಅಂಗಡಿಗಳಿಂದ ಖರೀದಿಸಿ ತರುವುದು ಕಂಡುಬರುತ್ತಿದೆ. ಪೋಷಕರು ಮಗುವಿನ ಹಿತದೃಷ್ಟಿಯಿಂದಲೇ ಹಣ ವೆಚ್ಚ ಮಾಡುತ್ತಾರೆಂಬುದು ನಿಜ. ಆದರೆ ಇದರಿಂದ ಎರಡು ಮಕ್ಕಳಿಗೆ ಅನ್ಯಾಯವಾಗುತ್ತದೆ. ಕೊಂಡ ಮಾದರಿಯನ್ನು ತಂದ ಮಗುವು ತಾನು ಮಾಡದ ಕೆಲಸಕ್ಕೆ ಮೆಚ್ಚುಗೆ ಪಡೆದು, ತನ್ನ ಕೈಕೆಲಸವು ಪ್ರದರ್ಶನಕ್ಕೆ ಯೋಗ್ಯವಲ್ಲವೆಂಬ ಭಾವನೆಯನ್ನು ಬೆಳೆಸಿಕೊಳ್ಳುತ್ತದೆ. ಕೊಳ್ಳಲು ಹಣವಿಲ್ಲದೆ ತಾನೇ ಮಾಡಿದ ವಕ್ರವಾದ ಮಾದರಿಯನ್ನು ತಂದ ಮಗುವು ಮೇಜಿನ ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ. ನಿಜವಾಗಿ ಪಾಠವನ್ನು ಕಲಿತ ಮಗು ಅದೇ ಆಗಿರುತ್ತದೆ. ಆದ್ದರಿಂದ ತೀರ್ಪುಗಾರರು ಮಾದರಿಯ ಅಂದವನ್ನು ನೋಡುವ ಮೊದಲು "ಇದನ್ನು ಮಾಡುವಾಗ ಯಾವುದು ಸರಿಹೋಗಲಿಲ್ಲ? ಅದನ್ನು ಹೇಗೆ ತಿದ್ದಿದೆ?" ಎಂಬ ಎರಡು ಪ್ರಶ್ನೆಗಳನ್ನು ಮಗುವಿಗೆ ಕೇಳುವುದು ಅಪೇಕ್ಷಣೀಯ.

8. ಪೋಷಕರಿಗೆ ಲಭ್ಯವಿರುವ ಅವಕಾಶಗಳು

(1) ಶಾಲೆಯ ವೇಳಾಪಟ್ಟಿಯಲ್ಲಿ ಕಾರ್ಯಾನುಭವದ ಅವಧಿ ಯಾವಾಗ ಇದೆ ಎಂಬುದನ್ನು ಮುಖ್ಯೋಪಾಧ್ಯಾಯರಿಂದ ತಿಳಿದುಕೊಳ್ಳಬಹುದು. ಮಗುವಿನ ಕೃತಿಸಂಪುಟವನ್ನು ನೋಡಲು ಕೋರಬಹುದು.

(2) ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರರಷ್ಟು ಸದಸ್ಯರು ತಂದೆತಾಯಿಗಳು ಅಥವಾ ಪೋಷಕರಾಗಿರಬೇಕು ಹಾಗೂ ಶೇಕಡ 50ರಷ್ಟು ಮಹಿಳೆಯರಿರಬೇಕು ಎಂದು ಕಾಯಿದೆಯ ಕಲಂ 21ರಲ್ಲಿ ವಿಧಿಸಲಾಗಿದೆ. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಬಹುದು.

(3) ಕಾಯಿದೆಯ ಅನುಸೂಚಿಯಂತೆ 6ರಿಂದ 8ನೇ ತರಗತಿಗಳಲ್ಲಿ ದಾಖಲಾತಿಯು 100ಕ್ಕಿಂತ ಹೆಚ್ಚಿರುವ ಶಾಲೆಗಳಲ್ಲಿ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ ಹಾಗೂ ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು.

(4) ಸರ್ಕಾರಿ ಶಾಲೆಗೆ ಸಂಬಂಧಿಸಿದ ದಾಖಲೆಗಳ ಮಾಹಿತಿ ಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇದರಿಂದ ಮಗುವು ಓದಿನಲ್ಲಿ ಹಿಂದೆ ಬೀಳುವುದಿಲ್ಲವೇ?
ಉತ್ತರ: ಅಳತೆ, ಭಿನ್ನರಾಶಿ, ಕೋನ, ತೂಕ ಮುಂತಾದ ಪರಿಕಲ್ಪನೆಗಳು ಈ ಚಟುವಟಿಕೆಗಳಲ್ಲಿ ಬಳಕೆಗೆ ಬರುತ್ತವೆ. ಮಾಡಿದ ಕ್ರಮವನ್ನು ವಿವರಿಸುವಾಗ ಮತ್ತು ಬರೆಯುವಾಗ ಭಾಷೆಯೂ ಬೆಳೆಯುತ್ತದೆ. ಇದನ್ನು ಓದಿನಿಂದ ಪ್ರತ್ಯೇಕವೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ: ಮಗುವಿನ ತಂದೆ ಬಡಗಿ ಕೆಲಸ ಮಾಡುತ್ತಾರೆ. ಶಾಲೆಯಲ್ಲಿಯೂ ಅದೇ ಕೆಲಸವನ್ನು ಕಲಿಸಲಾಗುವುದೇ?
ಉತ್ತರ: ಇಲ್ಲ. ಯಾವುದೇ ಮಗುವನ್ನು ಮನೆಯ ಕಸುಬಿನ ಆಧಾರದ ಮೇಲೆ ಒಂದು ಕೆಲಸಕ್ಕೆ ನಿಯೋಜಿಸುವುದು ಈ ಕಲಿಕೆಯ ಉದ್ದೇಶಕ್ಕೆ ವಿರುದ್ಧವಾದುದು. ಹಾಗೆ ನಡೆದಲ್ಲಿ ಮುಖ್ಯೋಪಾಧ್ಯಾಯರ ಗಮನಕ್ಕೆ ತರಬೇಕು.

ಪ್ರಶ್ನೆ: ಮನೆಯಲ್ಲಿ ಪೋಷಕರು ಸಹಾಯ ಮಾಡಬಹುದೇ?
ಉತ್ತರ: ಮಾಡಬಹುದು. ಚೂಪಾದ ಉಪಕರಣಗಳ ಕೆಲಸವನ್ನು ಪೋಷಕರೇ ಮಾಡಿಕೊಡಬಹುದು. ಆದರೆ ಹೇಗೆ ಮಾಡಬೇಕೆಂಬ ನಿರ್ಧಾರವನ್ನು ಮಗುವಿಗೇ ಬಿಡಬೇಕು. ಮಗುವಿನ ಕೈಯಿಂದ ವಸ್ತುವನ್ನು ತೆಗೆದುಕೊಂಡು ತಾವೇ ಸರಿಪಡಿಸಿ ಕೊಡುವುದರ ಬದಲು, ಎಲ್ಲಿ ತಪ್ಪಾಗಿರಬಹುದು ಎಂದು ಕೇಳಿ ಸ್ವಲ್ಪ ಹೊತ್ತು ಕಾಯುವುದು ಉತ್ತಮ.

ಪ್ರಶ್ನೆ: ಈ ಅವಧಿಯನ್ನು ಶಾಲೆಯಲ್ಲಿ ನಡೆಸುತ್ತಿಲ್ಲವಾದರೆ ಏನು ಮಾಡಬೇಕು?
ಉತ್ತರ: ಮೊದಲು ತರಗತಿ ಶಿಕ್ಷಕರು ಹಾಗೂ ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಬೇಕು. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಿರ್ವಹಿಸುವ ಶಾಲೆಗಳಲ್ಲಿ ಪೋಷಕರ ಅಥವಾ ಊರಿನ ಕುಶಲಕರ್ಮಿಗಳ ನೆರವಿನಿಂದ ಈ ಅವಧಿಯನ್ನು ನಡೆಸಿಕೊಡಲು ಮುಂದೆ ಬರಬಹುದು.

10. ಮುಕ್ತಾಯ

ಮಗುವು ಶಾಲೆಯಿಂದ ವಕ್ರವಾದ ಗಾಡಿಯೊಂದನ್ನು ಮನೆಗೆ ತಂದಾಗ ಅದನ್ನು ಕಸಕ್ಕೆ ಹಾಕುವ ಮೊದಲು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮಗುವನ್ನು ಕೇಳಬೇಕಾಗಿ ಎಲ್ಲ ಪೋಷಕರಲ್ಲಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಶಾಲೆಯ ಮುಖ್ಯೋಪಾಧ್ಯಾಯರನ್ನು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು ಅಥವಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.